ಕೆರದ ಮೇಲಿನ ಹೆಣಿಗೆ

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಅಂತ ಗಾದೆ ಕಟ್ಟಿದವರು ಯಾರು? ಹೊಟ್ಟೆ ತುಂಬಿದವರೇ ಇರಬೇಕು. ಹಸಿದವನಿಗೆ ಚೆಂದ ಯಾಕೆ, ಉಪಯೋಗವಷ್ಟೇ ಸಾಕು ಎಂಬ ಈ ಮಾತನ್ನು ನಮ್ಮ ಸಂಗಾತಿಗಳೂ ಕ್ರಾಂತಿಯ ಮಾತೆಂದು ಆಡುವುದುಂಟು. ಅಲಂಕಾರವೆಲ್ಲ ಉಳ್ಳವರ ಶೋಕಿ ಅಂತ. ನಿಜವೇ?

ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ಹೊಲಿಯುವ ಕೊಲ್ಲಾಪುರಿ ಚಪ್ಪಲಿಯನ್ನು ಕೈಗೆತ್ತಿಕೊಂಡು ನೋಡಿ. ಜಾಲಿ ತೊಗಟೆ, ಅಳಲೆಕಾಯಿ ನೀರಿನಲ್ಲಿ ಹದವಾದ ತೊಗಲು. ಮೊಳೆ ಇಲ್ಲ, ಅಟ್ಟೆಯ ಪದರಗಳನ್ನು ತೊಗಲಿನ ದಾರವೇ ಹಿಡಿದಿದೆ. ಅಂಚಿಗುಂಟ ಓಡುವ ಆ ಹೊಲಿಗೆ ಕಣ್ಣಿಗೆ ಚಿತ್ತಾರ, ಕಾಲಿಗೆ ಆಧಾರ. ಎರಡು ಬದಿಯ ಕಿವಿಗಳು ಚೆಂದಕ್ಕೂ ಹೌದು, ಪಟ್ಟಿ ಹಿಡಿಯುವುದಕ್ಕೂ ಹೌದು. ಇದನ್ನೆಲ್ಲ ಶೋಕಿ ಅಂತ ಕಿತ್ತರೆ ಚಪ್ಪಲೀನೇ ಬಿಚ್ಚಿಹೋಗ್ತದೆ. ಆದರೆ ಮೇಲಿನ ಸಣ್ಣ ಹೆಣಿಗೆ, ಗೊಂಡೆ? ಅವಿಲ್ಲದೆಯೂ ನಡೆಯಬಹುದು. ನಮ್ಮ ಪ್ರಶ್ನೆ ಇರುವುದು ಅಲ್ಲೇ.

ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1910ರಲ್ಲಿ ವಿಯೆನ್ನಾದಲ್ಲಿ ಅಲಂಕಾರವನ್ನೇ ಅಪರಾಧದ ಸಾಲಿಗೆ ಸೇರಿಸಿ ಭಾಷಣ ಮಾಡಿದ. ಅವನ ವಾದದಲ್ಲಿ ಹುರುಳಿದೆ: ಅಲಂಕಾರಕ್ಕೆ ಸುರಿದ ದುಡಿಮೆಗೆ ತಕ್ಕ ಕೂಲಿ ಹುಟ್ಟುವುದಿಲ್ಲ. ಆದರೆ ತನ್ನ ಜೋಡಿನ ಮಾತು ಬಂದಾಗ ಅವನೇ ಮೆತ್ತಗಾಗುತ್ತಾನೆ. ತೂತು ಕೊರೆಯುವುದರಲ್ಲಿ, ಅಂಚು ಕತ್ತರಿಸುವುದರಲ್ಲಿ ಜೋಡು ಹೊಲಿಯುವವನಿಗಿರುವ ಸುಖವನ್ನು ಕಸಿಯಬಾರದು ಎನ್ನುತ್ತಾನೆ.

ನಮ್ಮಲ್ಲಿ ಆ ಸುಖಕ್ಕೂ ಜಾತಿಯ ಬೇಲಿ. ಕೆರ ಹೊಲಿದ ಜನವೇ ಮೇಲ್ಜಾತಿಯ ಕೇರಿಯಲ್ಲಿ ಕೆರ ಬಿಟ್ಟು ನಡೆಯಬೇಕಿತ್ತು. ಕೈ ಯಾರದೋ, ಕಾಲು ಯಾರದೋ. ಹೆಣಿಗೆಗೆ ಬಗ್ಗಿ ಕೂತ ಹೆಣ್ಮಕ್ಕಳ ಕಣ್ಣು ಸೋತದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಈ ಚಪ್ಪಲಿಗೆ 2019ರಲ್ಲಿ ಜಿ.ಐ. ಮಾನ್ಯತೆ ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿದಾಗ ಹೊಲಿಯುವವರ ಹೆಸರೇ ಇರಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು.

ಹಾಗಾದರೆ ಅಪರಾಧ ಹೆಣಿಗೆಯದಲ್ಲ. ಒಬ್ಬರ ಕಣ್ಣು ಸವೆಸಿ ಇನ್ನೊಬ್ಬರ ಕಾಲು ಸಿಂಗರಿಸುವ ವ್ಯವಸ್ಥೆಯದು. ವಸ್ತುವೊಂದನ್ನು ಕಂಡಾಗ ‘ಇದು ಚೆಂದವೋ, ಉಪಯೋಗವೋ’ ಅಂತ ಕೇಳಿದರೆ ಸಾಲದು. ಮಾಡಿದವರಿಗೆ ಕೂಲಿ ಸಿಕ್ಕಿತೇ? ಬೇಡವೆನ್ನುವ ಹಕ್ಕಿತ್ತೇ? ಅವರೂ ಅದನ್ನು ಮೆಟ್ಟಿ ಊರೊಳಗೆ ತಲೆಯೆತ್ತಿ ನಡೆದರೇ? ಮೇಷ್ಟ್ರುಗಳೇ, ಇದನ್ನು ಮಕ್ಕಳ ಬಾಯಿಂದ ಕೇಳಿಸಿ.

ನಮಗೆ ಹಿಟ್ಟೂ ಬೇಕು, ಮಲ್ಲಿಗೆಯೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೋ ಅನ್ನುವವನು ಎರಡನ್ನೂ ತಾನೇ ಇಟ್ಟುಕೊಂಡಿರುತ್ತಾನೆ.