ವೇಷವೂ ವಿಸರ್ಜನೆಯೂ

ನಂಜನಗೂಡಿನ ಶ್ರೀಕಂಠೇಶ್ವರನ ಆಲಯದಲ್ಲಿ ಪ್ರದಕ್ಷಿಣೆ ಬರುವ ಭಕ್ತರು, ಪ್ರಾಕಾರದಲ್ಲಿ ಸಾಲುಗೂಡಿ ನಿಂತಿರುವ ಅರವತ್ತುಮೂವರು ಪುರಾತನರ ಶಿಲಾಮೂರ್ತಿಗಳಿಗೆ ಕೈಮುಗಿಯುತ್ತ ಮುಂದೆ ಸಾಗುವುದು ವಾಡಿಕೆ. ಆ ಸಾಲಿನಲ್ಲಿ ಬೇಡರ ಕಣ್ಣಪ್ಪನೂ ಒಬ್ಬನು. ಬಾಯಲ್ಲಿ ತುಂಬಿ ತಂದ ನೀರಿನಿಂದ ಅಭಿಷೇಕ ಮಾಡಿ, ತಾನು ರುಚಿನೋಡಿದ ಮಾಂಸವನ್ನೇ ನೈವೇದ್ಯವಾಗಿಟ್ಟು, ಲಿಂಗದ ಕಣ್ಣಲ್ಲಿ ರಕ್ತ ಒಸರಿದಾಗ ತನ್ನದೊಂದು ಕಣ್ಣನ್ನು ಕಿತ್ತು ಅಲ್ಲಿಟ್ಟು, ಎರಡನೆಯದನ್ನೂ ಕೀಳುವ ಮುನ್ನ, ಕುರುಡನಾದ ಮೇಲೆ ಗುರುತು ತಪ್ಪದಿರಲೆಂದು ಲಿಂಗದ ಮೇಲೆ ಕಾಲನ್ನೂರಿದ ಆ ಮಹಾನುಭಾವನ ಕಥೆಯನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಕಣ್ಣಪ್ಪನೆಂದೊಡನೆ ಅವರಲ್ಲಿ ಅನೇಕರ ಮನಸ್ಸಿಗೆ ಬರುವ ಮುಖ ಕಲ್ಲಿನದಲ್ಲ, ಎಚ್. ಎಲ್. ಎನ್. ಸಿಂಹರು ನಿರ್ದೇಶಿಸಿದ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕನಟ ರಾಜಕುಮಾರರದು. ಶಿಲೆಯ ಮುಂದೆ ನಿಂತು ನಟನ ಮುಖವನ್ನು ನೆನೆದವನ ನಮಸ್ಕಾರ ಯಾರಿಗೆ ಸಂದಿತು? ದೇವರ ಅಥವಾ ಭಕ್ತನ ವೇಷ ತೊಟ್ಟವನಿಗೂ ಆ ವೇಷದ ಮಹಿಮೆಗೂ ಇರುವ ಸಂಬಂಧವೆಂತಹುದು? ಇದು ಕೇವಲ ಸಿನಿಮಾದ ಪ್ರಶ್ನೆಯಲ್ಲ. ಉಪಾಸನೆಯ ಮೂಲಕ್ಕೇ ಸೇರಿದ ಪ್ರಶ್ನೆ.

ಈ ವಿಚಾರಕ್ಕೆ ನಂಜನಗೂಡಿನಷ್ಟು ಒಪ್ಪುವ ಊರು ಮತ್ತೊಂದಿಲ್ಲವೆನ್ನಲು ಬೇರೊಂದು ಕಾರಣವೂ ಉಂಟು. 1917ರಲ್ಲಿ ಅಲ್ಲಿ ಜನಿಸಿ, ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯನ್ನು ಸೇರಿ, ಬಣ್ಣ ಹಚ್ಚುವುದರಿಂದ ಮೊದಲುಮಾಡಿ ಹಾಡು ಬರೆಯುವುದರವರೆಗೆ ಕಂಪೆನಿಯ ನಾನಾ ಕೆಲಸಗಳಲ್ಲಿ ನುರಿತ ಜಿ. ವಿ. ಅಯ್ಯರ್ ಅವರು ‘ಬೇಡರ ಕಣ್ಣಪ್ಪ’ದಲ್ಲಿಯೂ ನಟರಾಗಿದ್ದವರು. ಪಾದರಕ್ಷೆಯಿಲ್ಲದೆ ನಡೆಯುತ್ತಿದ್ದುದರಿಂದ ‘ಬರಿಗಾಲ ನಿರ್ದೇಶಕ’ರೆನಿಸಿದ್ದ ಅವರು, ಮುಂದೆ ನಟನೆಯಿಂದ ನಿರ್ದೇಶನಕ್ಕೆ ಹೊರಳಿ, 1983ರಲ್ಲಿ ಸಂಸ್ಕೃತಭಾಷೆಯ ಮೊದಲ ಚಲನಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನೂ, 1986ರಲ್ಲಿ ಕನ್ನಡದಲ್ಲಿ ‘ಮಧ್ವಾಚಾರ್ಯ’ವನ್ನೂ, 1989ರಲ್ಲಿ ತಮಿಳಿನಲ್ಲಿ ‘ರಾಮಾನುಜಾಚಾರ್ಯ’ವನ್ನೂ ತೆಗೆದರು. ನಾಮರೂಪಗಳೆಲ್ಲ ಬ್ರಹ್ಮದ ಮೇಲೆ ಆರೋಪಿತವಾದವೆಂದು ಬೋಧಿಸಿದ ಶಂಕರಯತಿಗೆ ನಾಮರೂಪಗಳನ್ನು ಕೊಟ್ಟು ತೆರೆಯ ಮೇಲೆ ನಿಲ್ಲಿಸುವುದೆಂದರೆ ಅದೊಂದು ವಿರೋಧಾಭಾಸವೇ ಸರಿ. ಅಯ್ಯರ್ ಅವರು ಅದಕ್ಕೆ ಹಿಂಜರಿಯಲಿಲ್ಲ. ಪ್ರಜ್ಞಾನಕ್ಕೂ ಮೃತ್ಯುವಿಗೂ ಮನುಷ್ಯದೇಹಗಳನ್ನು ಕೊಟ್ಟು, ಅವೆರಡನ್ನೂ ಬಾಲ್ಯದಿಂದ ಶಂಕರರ ಜೊತೆಗಾರರನ್ನಾಗಿ ನಡೆಯಿಸಿದರು. ಅರೂಪವನ್ನು ರೂಪದಿಂದಲ್ಲದೆ ತೋರಲಾಗದೆಂಬುದನ್ನು ಕಂಪೆನಿ ನಾಟಕದಲ್ಲಿ ಬೆಳೆದ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ನಟನಿಗೂ ಪಾತ್ರಕ್ಕೂ ಇರುವ ನಂಟನ್ನು ನಮ್ಮ ಆಲಂಕಾರಿಕರು ಬಹುಕಾಲ ಜಿಜ್ಞಾಸೆಗೆ ಒಳಪಡಿಸಿದ್ದಾರೆ. ರಸವು ಮುಖ್ಯವಾಗಿ ಕಥೆಯ ರಾಮನಲ್ಲಿದ್ದು ಅನುಸಂಧಾನಬಲದಿಂದ ನಟನಲ್ಲಿಯೂ ತೋರುತ್ತದೆಯೆಂದು ಭಟ್ಟಲೊಲ್ಲಟನು ಹೇಳಿದರೆ, ಶ್ರೀಶಂಕುಕನು ಚಿತ್ರದ ಕುದುರೆಯ ದೃಷ್ಟಾಂತವನ್ನು ತಂದನು: ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡವನು ಅದನ್ನು ಕುದುರೆಯೆಂದೇ ಗ್ರಹಿಸುತ್ತಾನೆ, ಆ ಗ್ರಹಿಕೆ ಪೂರ್ಣ ಸತ್ಯವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಕೇವಲ ಹೋಲಿಕೆಯೂ ಅಲ್ಲ. ಅಭಿನವಗುಪ್ತನಾದರೋ ರಸದ ಆಸ್ವಾದವನ್ನು ಸಹೃದಯನಲ್ಲಿಯೇ ನೆಲೆಗೊಳಿಸಿ, ನಟನನ್ನು ಅದಕ್ಕೆ ಉಪಾಯಮಾತ್ರವನ್ನಾಗಿ ಮಾಡಿದನು. ಇಷ್ಟರಿಂದ ಕಾವ್ಯಮೀಮಾಂಸೆಯ ಕೆಲಸ ಮುಗಿಯಿತು. ಆದರೆ ನೋಟಕನು ಆಸ್ವಾದಕ್ಕೆ ನಿಲ್ಲದೆ ಎದ್ದು ಬಂದು ನಟನ ಕಾಲಿಗೆ ಬಿದ್ದರೆ ಅದನ್ನು ಏನೆನ್ನಬೇಕು?

ಇದು ಕಲ್ಪಿತ ಪ್ರಸಂಗವಲ್ಲ. 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನವು ಭಾನುವಾರ ಬೆಳಗ್ಗೆ ರಮಾನಂದ ಸಾಗರರ ‘ರಾಮಾಯಣ’ವನ್ನು ಬಿತ್ತರಿಸುತ್ತಿದ್ದಾಗ, ಮನೆಮನೆಗಳಲ್ಲಿ ಸ್ನಾನ ಮುಗಿಸಿ ಬಂದವರು ಟಿ.ವಿ. ಪೆಟ್ಟಿಗೆಗೆ ಹೂವೇರಿಸಿ ಊದುಬತ್ತಿ ಹಚ್ಚಿದರು. ರಾಮನ ವೇಷದ ಅರುಣ್ ಗೋವಿಲ್ ಅವರನ್ನು ಬೀದಿಯಲ್ಲಿ ಕಂಡವರು ಅವರ ಪಾದ ಮುಟ್ಟಿದರು. ಅಯ್ಯರ್ ಅವರ ಚಿತ್ರದಲ್ಲಿ ಶಂಕರರಾಗಿದ್ದ ಸರ್ವದಮನ್ ಬ್ಯಾನರ್ಜಿಯವರು ಹತ್ತು ವರ್ಷಗಳ ತರುವಾಯ ಸಾಗರರ ‘ಶ್ರೀಕೃಷ್ಣ’ ಧಾರಾವಾಹಿಯಲ್ಲಿ ಕೃಷ್ಣನಾದರು. 1998ರಲ್ಲಿ ಪುನಃ ಅಯ್ಯರ್ ಅವರ ಚಿತ್ರದಲ್ಲಿಯೇ ವಿವೇಕಾನಂದರಾದರು. ಅದ್ವೈತಾಚಾರ್ಯ, ಅವತಾರಪುರುಷ, ಆಧುನಿಕ ಸಂನ್ಯಾಸಿ: ಮೂವರಿಗೂ ಮುಖ ಒಂದೇ. ವಿದ್ಯಾವಂತರು ಇದನ್ನು ನೋಡಿ, ಹಗ್ಗವನ್ನು ಹಾವೆಂದಂತೆ ನಟನನ್ನು ದೇವರೆನ್ನುವುದು ಬರಿಯ ಅಧ್ಯಾಸವೆಂದು ನಕ್ಕುಬಿಡುವುದುಂಟು. ಆದರೆ ಆ ನಗೆ ನಟನಲ್ಲಿಗೆ ನಿಲ್ಲದೆ ಗರ್ಭಗುಡಿಯ ಶಿಲೆಯವರೆಗೂ ಹೋಗುತ್ತದೆಂಬುದನ್ನು ಅವರು ಗಮನಿಸಿದಂತಿಲ್ಲ. ಪ್ರತೀಕೋಪಾಸನೆಯ ವಿಷಯದಲ್ಲಿ ವೇದಾಂತಿಗಳ ನಿರ್ಣಯ ಸೂಕ್ಷ್ಮವಾದುದು: ಕೀಳಾದುದರಲ್ಲಿ ಮೇಲಾದುದನ್ನು ಭಾವಿಸಬಹುದು, ಮೇಲಾದುದನ್ನು ಕೀಳಿಗೆ ಇಳಿಸಬಾರದು. ಸೂರ್ಯನಲ್ಲಿ ಬ್ರಹ್ಮವನ್ನು ಭಾವಿಸಿದರೆ ಉಪಾಸನೆ. ಬ್ರಹ್ಮವೆಂದರೆ ಈ ಸೂರ್ಯನಷ್ಟೇ ಎಂದರೆ ಭ್ರಾಂತಿ. ಈ ಅಳತೆಯಿಂದ ನೋಡಿದರೆ, ನಟನಲ್ಲಿ ರಾಮನನ್ನು ಕಂಡು ಕೈಮುಗಿದ ಮುದುಕಿ ತಪ್ಪು ಮಾಡಿದವಳಲ್ಲ.

ಹಾಗಿದ್ದರೂ ಶಿಲೆಗೂ ನಟನಿಗೂ ನಡುವೆ ಒಂದು ದೊಡ್ಡ ಅಂತರವುಂಟು. ತನಗೆ ನೂರು ಕೊಡ ಹಾಲೆರೆದರೂ ಶಿಲೆಯು ತಾನು ದೇವರೆಂದು ಬೀಗುವುದಿಲ್ಲ, ಅದಕ್ಕೆ ಅಹಂಕಾರವಿಲ್ಲ. ಮಣ್ಣಿನ ಗಣಪತಿಗಾದರೋ ಆವಾಹನೆಯಿರುವಂತೆ ವಿಸರ್ಜನೆಯೂ ವಿಹಿತವಾಗಿದೆ. ಅದನ್ನು ನೀರಿಗೆ ಬಿಡುವ ಕೈ ಪೂಜಿಸಿದವನದು. ನಟನ ದೇಹದಲ್ಲಿ ಆವಾಹನೆ ಮಾಡುವವರು ನೋಟಕರು. ವಿಸರ್ಜನೆಯನ್ನು ಮಾತ್ರ ಅವನೇ ಮಾಡಿಕೊಳ್ಳಬೇಕು. ಆದುದರಿಂದ ಒಂದೇ ಅಭಿನಯದಲ್ಲಿ ಎರಡು ಬಗೆಯ ಧರ್ಮಗಳುಂಟೆಂದು ಹೇಳಬೇಕಾಗಿದೆ: ಇದು ವೇಷವೆಂಬುದನ್ನು ಮರೆಯುವುದು ನೋಟಕನಿಗೆ ಸಲ್ಲುತ್ತದೆ, ನಟನಿಗೆ ಸಲ್ಲದು.

ಈ ಎರಡನೆಯ ಧರ್ಮವನ್ನು ತಿ. ನರಸೀಪುರದ ಸುತ್ತಿನ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕಗಳಲ್ಲಿ ಬಲು ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ನಟನಿಗೆ ಸಂಬಳವಿಲ್ಲ. ಪಾತ್ರ ಬೇಕೆಂಬವನೇ ಹಣ ಕಟ್ಟಬೇಕು, ಹಾಡು ಹೆಚ್ಚಿರುವ ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದ, ವೃತ್ತ, ಮಟ್ಟುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಬಾಡಿಗೆಗೆ ತಂದ ಸೀನರಿಯನ್ನು ಕಟ್ಟಿ, ರಂಗಪೂಜೆ ಮಾಡಿ, ತೆಂಗಿನಕಾಯಿ ಒಡೆದ ಮೇಲೆ, ಕೃಷ್ಣನು ಪ್ರವೇಶಿಸುತ್ತಲೇ ನೆಂಟರಿಷ್ಟರು ವೇದಿಕೆಗೇ ಹತ್ತಿ ಹಾರ ಹಾಕುತ್ತಾರೆ. ಅವನೂ ಹಾಡನ್ನು ನಿಲ್ಲಿಸಿ, ಕೊರಳೊಡ್ಡಿ, ಮತ್ತೆ ಅದೇ ಪಲ್ಲವಿಯನ್ನು ಎತ್ತಿಕೊಳ್ಳುತ್ತಾನೆ. ಬೆಳಗಿನ ಜಾವಕ್ಕೆ ಕೊಬ್ಬರಿಯೆಣ್ಣೆಯಿಂದ ಮುಖದ ನೀಲಿಯನ್ನು ಒರೆಸಿಕೊಂಡು, ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿರುವಂತೆಯೇ ನಾಲೆಯ ನೀರು ತಿರುಗಿಸಲು ಗದ್ದೆಗೆ ಹೊರಡುವ ಅವನನ್ನು ಊರವರು ಕೃಷ್ಣನೆಂದು ಕರೆದರೂ ಅದು ಬರಿಯ ಸಲಿಗೆಯ ಮಾತು. ಒಂದಿರುಳು ದೇವರಾಗಿರುವುದಕ್ಕೆ ತಾನೇ ಹಣ ತೆತ್ತವನು ಆ ದೇವತ್ವವನ್ನು ಸ್ವಂತದ್ದೆಂದುಕೊಳ್ಳುವುದಿಲ್ಲ.

ಅದೇ ತಾಲ್ಲೂಕಿನ ಸೋಸಲೆಯಲ್ಲಿ ವ್ಯಾಸರಾಜರ ಮಠವಿದೆಯಷ್ಟೆ. ಆ ಮಠದ ದ್ವೈತಸಿದ್ಧಾಂತದವರು ಈ ಪ್ರಶ್ನೆಯನ್ನು ಬೇರೊಂದು ಬಗೆಯಿಂದ ಬಿಡಿಸುವರು. ಅವರಿಗೆ ಪ್ರತಿಮೆಯು ದೇವರಲ್ಲ, ಪ್ರತಿಮೆಯಲ್ಲಿ ದೇವರ ಸನ್ನಿಧಾನವಿದೆ; ಜೀವನು ಎಂದಿಗೂ ಈಶ್ವರನಲ್ಲ, ಜೀವನಲ್ಲಿ ಅಂತರ್ಯಾಮಿಯಾಗಿ ಈಶ್ವರನಿದ್ದಾನೆ. ನಟನಿಗೆ ಮಾಡಿದ ನಮಸ್ಕಾರವೂ ಈ ದೃಷ್ಟಿಯಿಂದ ಅವನ ಅಂತರ್ಯಾಮಿಗೆ ಸಲ್ಲುತ್ತದೆ. ನಟನು ದಾಸನಾಗಿಯೇ ಉಳಿಯುತ್ತಾನೆ. ಅದ್ವೈತಿಯು ಅಹಂಕಾರವನ್ನು ಮಿಥ್ಯೆಯೆಂದು ಕಳೆದರೆ, ದ್ವೈತಿಯು ಅದನ್ನು ಸೇವೆಗೆ ಹಚ್ಚಿ ಪಳಗಿಸುತ್ತಾನೆ. ವಾದದಲ್ಲಿ ಎಂದೂ ಒಂದಾಗದ ಈ ಎರಡು ದರ್ಶನಗಳು ಬಣ್ಣದ ಮನೆಯ ಹೊಸ್ತಿಲಲ್ಲಿ ನಟನಿಗೆ ಹೇಳುವ ಬುದ್ಧಿವಾದ ಮಾತ್ರ ಒಂದೇ: ಬಂದ ನಮಸ್ಕಾರವನ್ನು ನಿನ್ನಲ್ಲಿ ಇಟ್ಟುಕೊಳ್ಳಬೇಡ.

ಈ ಬುದ್ಧಿವಾದವನ್ನು ನಡೆಯಿಸಿದವರಲ್ಲಿ ರಾಜಕುಮಾರರದು ದೊಡ್ಡ ಹೆಸರು. 1929ರಲ್ಲಿ ಗಾಜನೂರಿನಲ್ಲಿ ಜನಿಸಿ, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೊಂದಿಗೆ ಗುಬ್ಬಿ ಕಂಪೆನಿಯಲ್ಲಿ ಬೆಳೆದ, ಮುತ್ತುರಾಜನೆಂಬ ಹುಟ್ಟುಹೆಸರಿನ ಈ ನಟನು, ಕಣ್ಣಪ್ಪನಾದ ಮೇಲೆ, ‘ಭೂಕೈಲಾಸ’ದಲ್ಲಿ ರಾವಣನಾದನು, ಕನಕದಾಸನಾದನು, ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರಸ್ವಾಮಿಯಾದನು, 1983ರಲ್ಲಿ ಹಿರಣ್ಯಕಶಿಪುವಾದನು. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ದಲ್ಲಿಯಾದರೋ, ಮಗ ಶಿವರಾಜಕುಮಾರರು ಬೇಡನ ಪಾತ್ರವನ್ನು ವಹಿಸಿರಲು, ಒಂದು ಕಾಲದಲ್ಲಿ ಶಿವನಿಗೆ ಕಣ್ಣಿತ್ತವರೇ ಈಗ ಆ ಕಣ್ಣನ್ನು ಸ್ವೀಕರಿಸುವ ಶಿವನಾಗಿ ಕಾಣಿಸಿಕೊಂಡರು. ದೇವ, ದೈತ್ಯ, ದಾಸ ಎಂಬ ಮೂರು ನೆಲೆಗಳಲ್ಲಿಯೂ ನಿಂತುಬಂದ ಈ ಮನುಷ್ಯನು ನೋಟಕರನ್ನು ಕರೆಯುತ್ತಿದ್ದುದು ‘ಅಭಿಮಾನಿ ದೇವರುಗಳು’ ಎಂದು. ಅದನ್ನು ಕೇವಲ ಉಪಚಾರದ ಮಾತೆನ್ನುವವರುಂಟು. ತನ್ನ ಮೇಲೆ ಜನ ಆವಾಹಿಸಿದ ದೇವತ್ವವನ್ನು ಜನರಿಗೇ ಮರಳಿ ಒಪ್ಪಿಸುವ ವಿಸರ್ಜನಾವಿಧಿಯೆಂದೇ ನಾನು ಅದನ್ನು ತಿಳಿದಿದ್ದೇನೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲವನ್ನೂ ಹೀಗೆ ವಿಸರ್ಜಿಸಿಬಿಡುವ ನಟನಲ್ಲಿ ಪಾತ್ರದ ಲೇಶವೂ ಉಳಿಯದಾದರೆ, ಕಣ್ಣಪ್ಪನಾಗುವುದಕ್ಕೂ ರಾವಣನಾಗುವುದಕ್ಕೂ ಅವನ ಪಾಲಿಗೆ ಭೇದವೇನು? ಭಕ್ತಿಯನ್ನು ನಟಿಸಿದವನಿಗೆ ಭಕ್ತಿಯ ಫಲವಿಲ್ಲವೆ? ಮಾಡಿದ ಕರ್ಮದ ಸಂಸ್ಕಾರವು ಅಳಿಯದೆಂಬುದು ನಮ್ಮ ಬಹುಪಾಲು ದರ್ಶನಗಳಿಗೆ ಸಮ್ಮತವಾದ ಮಾತಾಗಿರುವಾಗ, ನಟನೆಯೂ ಒಂದು ಕರ್ಮವೇ ಆದುದರಿಂದ, ವಿಸರ್ಜನೆಯಿಂದ ನೀಗುವುದು ಪಾತ್ರದ ಹಿರಿಮೆಯನ್ನು ತನ್ನದೆನ್ನುವ ಅಭಿಮಾನವೇ ಹೊರತು ಪಾತ್ರದ ಸಂಸ್ಕಾರವಲ್ಲವೆಂದು ಸಮಾಧಾನ ಹೇಳಬಹುದು. 2006ರ ಏಪ್ರಿಲ್ 12ರಂದು ರಾಜಕುಮಾರರು ತೀರಿಕೊಂಡಾಗ, ಅವರು ಮೊದಲೇ ಸಂಕಲ್ಪಿಸಿದ್ದಂತೆ, ಅವರ ಕಣ್ಣುಗಳನ್ನು ದಾನಮಾಡಲಾಯಿತು. ಐವತ್ತೆರಡು ವರ್ಷಗಳ ಹಿಂದೆ ಅಭಿನಯಿಸಿದ ಪಾತ್ರವೇ ಇದನ್ನು ಮಾಡಿಸಿತೆಂದು ಸಾಧಿಸಲು ಯಾವ ಪ್ರಮಾಣವೂ ಇಲ್ಲ, ಅದರ ಅಗತ್ಯವೂ ಇಲ್ಲ. ಬೇಡನಿಗೆ ತನ್ನ ಎದುರಿನ ಲಿಂಗವು ದೇವರಾಗಿತ್ತು, ಕಣ್ಣು ಅಲ್ಲಿಗೆ ಸಂದಿತು. ನಟನು ತನ್ನ ಎದುರಿನ ಜನರನ್ನು ದೇವರೆಂದಿದ್ದನು, ಕಣ್ಣು ಅವರಿಗೆ ಸಂದಿತು. ಪಾತ್ರದ ಹಿರಿಮೆಯನ್ನು ಸ್ವಂತವೆನ್ನದವನಿಗೂ ಅದರ ಋಣ ತಪ್ಪಿದ್ದಲ್ಲ. ಆ ಋಣವನ್ನು ತೀರಿಸತಕ್ಕದ್ದು ವೇಷದಿಂದಲ್ಲ, ಬದುಕಿನಿಂದ.