ತಾರಸಿಯ ಹಾವಸೆ ಮತ್ತು ಗೃಹಸ್ಥನ ಅಹಿಂಸೆ

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಹೋಗುವ ಉಡುಪಿ ಜಿಲ್ಲೆಯಲ್ಲಿ ಮನೆಯ ಮಾಡು ಇಳಿಜಾರಾಗಿರಬೇಕೆಂಬ ಬಗ್ಗೆ ಬಹುಕಾಲ ಯಾರಿಗೂ ಸಂದೇಹವಿರಲಿಲ್ಲ. ಮುಳಿಹುಲ್ಲಿನ ಹೊದಿಕೆಯಾಗಲಿ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಹೆಂಚಾಗಲಿ, ನೀರನ್ನು ತಡೆದು ನಿಲ್ಲಿಸುವುದಕ್ಕಿಂತ ಬೇಗ ಕೆಳಗಿಳಿಸುವುದನ್ನೇ ನೆಚ್ಚಿಕೊಂಡಿದ್ದವು. ನಂದಿಕೂರಿನಿಂದ ಬೆಳ್ಮಣ್ಣಿನ ಮೇಲೆ ಕಾರ್ಕಳಕ್ಕೆ ಹೋಗುವ ದಾರಿಯುದ್ದಕ್ಕೂ ಕಾಂಕ್ರೀಟಿನ ಚಪ್ಪಟೆ ತಾರಸಿಗಳು ಬಂದಮೇಲೆ ನೀರು ನಿಲ್ಲತೊಡಗಿತು, ನಿಂತಲ್ಲಿ ಹಾವಸೆ, ಅಂದರೆ ಕಾಲಿಟ್ಟರೆ ಜಾರುವ ಹಸುರು ಪಾಚಿ, ಕಟ್ಟತೊಡಗಿತು, ಅದಕ್ಕೆ ಬ್ಲೀಚಿಂಗ್ ಪುಡಿ ಎರಚಿ ಉಜ್ಜುವುದು ಮಳೆಗಾಲದ ಮನೆಗೆಲಸಗಳಲ್ಲಿ ಒಂದಾಯಿತು. ಉಳಿದವರಿಗೆ ಇದು ಶುಚಿತ್ವದ ಮತ್ತು ಸೋರಿಕೆಯ ವಿಷಯವಷ್ಟೆ. ಆದರೆ ಕಾರ್ಕಳ, ಮೂಡುಬಿದಿರೆಗಳಲ್ಲಿ ಶತಮಾನಗಳಿಂದ ನೆಲೆನಿಂತ ಜೈನ ಚಿಂತನೆಗೆ ಇದು ಅಹಿಂಸೆಯ ಪ್ರಶ್ನೆಯೂ ಹೌದು.

ಜೈನ ತತ್ತ್ವದಲ್ಲಿ ಸ್ಪರ್ಶವೊಂದನ್ನೇ ಅರಿಯುವ ಏಕೇಂದ್ರಿಯ ಜೀವಿಗಳು ಐದು ಬಗೆ: ನೆಲ, ನೀರು, ಬೆಂಕಿ, ಗಾಳಿಗಳನ್ನೇ ಒಡಲಾಗಿ ಉಳ್ಳವು ಮತ್ತು ಸಸ್ಯಗಳು. ಸಸ್ಯಗಳಲ್ಲಿಯೂ ಪಾಚಿಯಂಥವನ್ನು ‘ಸಾಧಾರಣ ವನಸ್ಪತಿ’ ಎಂಬ ಗುಂಪಿಗೆ ಸೇರಿಸುತ್ತಾರೆ. ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿರುವುದು ಎಂದು ಇದರ ಅರ್ಥ. ಹೀಗೆ ನೋಡಿದರೆ ತಾರಸಿಯ ಮೇಲಿನ ಒಂದು ಅಂಗೈಯಗಲದ ಹಾವಸೆಯನ್ನು ಕೆರೆದುಹಾಕುವುದು ಮರವೊಂದನ್ನು ಕಡಿಯುವುದಕ್ಕಿಂತ ಸಣ್ಣ ಕೃತ್ಯವಾಗಿ ಉಳಿಯುವುದಿಲ್ಲ. ಆದರೆ ಗೃಹಸ್ಥನು ಮನೆ ಕಟ್ಟದೆ, ಅಡುಗೆ ಮಾಡದೆ ಬದುಕಲಾರನೆಂಬುದನ್ನು ಬಲ್ಲ ಆಚಾರ್ಯರು ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನೂ ಮನೆವಾರ್ತೆಯಲ್ಲಿ ತಪ್ಪಿಸಲಾಗದ ಆರಂಭಿ ಹಿಂಸೆಯನ್ನೂ ಬೇರ್ಪಡಿಸಿ, ಮೊದಲನೆಯದನ್ನು ಪೂರ್ತಿ ನಿಷೇಧಿಸಿದರು. ಎರಡನೆಯದಕ್ಕೆ ಯತ್ನಾಚಾರವನ್ನು, ಅಂದರೆ ಕೈಯಿಟ್ಟ ಕೆಲಸದಲ್ಲೆಲ್ಲ ಎಚ್ಚರವನ್ನು, ಕಡ್ಡಾಯ ಮಾಡಿದರು. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ವು ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು, ಎಂದರೆ ಮೈಮರೆವನ್ನು, ಸೇರಿಸುತ್ತದೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಮುಂದೆ ಹೋಗಿ, ಎಚ್ಚರ ತಪ್ಪಿದವನು ಯಾವ ಜೀವಿಯೂ ಸಾಯದಿದ್ದಾಗಲೂ ಹಿಂಸಕನೇ ಎನ್ನುತ್ತಾರೆ.

ಈ ಮಾತನ್ನು ತಾರಸಿಗೆ ಅನ್ವಯಿಸಿದರೆ ಹೊಣೆಯು ಆಗಸ್ಟಿನಲ್ಲಿ ಪೊರಕೆ ಹಿಡಿದವರ ಕೈಯಿಂದ ಜಾರಿ, ಮೂರು ವರ್ಷ ಹಿಂದೆ ಸ್ಲ್ಯಾಬಿಗೆ ಸರಿಯಾದ ವಾಟ ಕೊಡದೆ, ಎಂದರೆ ನೂರಡಿಗೆ ಒಂದಡಿಯಾದರೂ ಇಳುಕಲು ಬಿಡದೆ, ಕೆಲಸ ಮುಗಿಸಿದವರ ಮತ್ತು ಅದನ್ನು ಒಪ್ಪಿಕೊಂಡ ಯಜಮಾನನ ಮೇಲೆ ಬೀಳುತ್ತದೆ. ಒರಟು ಗಾರೆಯ ಪುಟ್ಟ ಪುಟ್ಟ ಗುಂಡಿಗಳಲ್ಲಿ ದೂಳು ಕೂತು, ತೇವ ಹಿಡಿದು, ಜೀವ ಹುಟ್ಟುತ್ತದೆ. ನುಣುಪಾಗಿ ಉಜ್ಜಿದ ಮೇಲ್ಮೈಯಲ್ಲಿ ಅದಕ್ಕೆ ನೆಲೆ ಕಡಿಮೆ. ನುಣುಪು ಇಲ್ಲಿ ಅಂದಕ್ಕಿಂತ ಮೊದಲು ಧರ್ಮದ ಗುಣ ಎನ್ನುವುದು ಅತಿಶಯೋಕ್ತಿಯಲ್ಲ.

ಸಾಮಗ್ರಿಯ ಆಯ್ಕೆಯಲ್ಲಿ ತೊಡಕು ಇನ್ನೂ ಹೆಚ್ಚು. ಸುಣ್ಣ, ಸುರ್ಕಿ (ಇಟ್ಟಿಗೆಯ ಪುಡಿ), ಬೆಲ್ಲದ ನೀರು, ಅಳಲೆಕಾಯಿಯ ರಸ ಕೂಡಿಸಿ ಬಡಿದು ಬಡಿದು ಗಟ್ಟಿಮಾಡಿದ ಹಳೆಯ ಗಾರೆ ಕಾಂಕ್ರೀಟಿನಂತೆ ಬೇಗ ಬಿರುಕು ಬಿಡುವುದಿಲ್ಲ, ಬಿಟ್ಟರೂ ಸಣ್ಣ ಬಿರುಕುಗಳನ್ನು ಸುಣ್ಣವೇ ಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಆದರೆ ಕರಾವಳಿಯ ಸುಣ್ಣ ಬಂದದ್ದು ಬಹುಮಟ್ಟಿಗೆ ಹೊಳೆ ಮತ್ತು ಅಳಿವೆಗಳ ಚಿಪ್ಪನ್ನು ಗೂಡಿನಲ್ಲಿ ಸುಟ್ಟು. ಜೈನ ವರ್ಗೀಕರಣದಲ್ಲಿ ಶಂಖ ಮತ್ತು ಚಿಪ್ಪಿನ ಪ್ರಾಣಿಗಳು ಸ್ಪರ್ಶ, ರುಚಿ ಎರಡನ್ನೂ ಬಲ್ಲ ದ್ವೀಂದ್ರಿಯಗಳು, ಪಾಚಿಗಿಂತ ಒಂದು ಮೆಟ್ಟಿಲು ಮೇಲಿನವು. ದಡದಲ್ಲಿ ತಾನಾಗಿ ಬಿದ್ದ ಖಾಲಿ ಚಿಪ್ಪನ್ನು ಆಯ್ದು ತಂದ ಸುಣ್ಣಕ್ಕೂ ಜೀವಂತ ಮರುವಾಯಿಯ ಚಿಪ್ಪಿನಿಂದಾದ ಸುಣ್ಣಕ್ಕೂ ಮೂಟೆಯಲ್ಲಿ ಕಾಣುವ ವ್ಯತ್ಯಾಸ ಏನೂ ಇಲ್ಲ, ಕೊಳ್ಳುವವನು ಕೇಳದೆ ತಿಳಿಯುವ ದಾರಿಯೂ ಇಲ್ಲ. ಡಾಂಬರಿನ ಹಾಳೆ, ಪಾಲಿಮರ್ ಲೇಪಗಳಲ್ಲಿ ಈ ಸಂಕಟ ಕಾಣುವುದಿಲ್ಲವಾದರೂ, ಬಿಸಿಲು ಮಳೆಗೆ ಕೆಲವೇ ವರ್ಷಗಳಲ್ಲಿ ಎದ್ದುಬರುವ ಲೇಪವನ್ನು ಮತ್ತೆ ಮತ್ತೆ ಕೆರೆದು ಹಚ್ಚಬೇಕಾಗುವುದರಿಂದ ಆರಂಭಿ ಹಿಂಸೆಯೂ ಮತ್ತೆ ಮತ್ತೆ ಮರುಕಳಿಸುತ್ತದೆ.

1586ರಲ್ಲಿ ಇಮ್ಮಡಿ ಭೈರರಸ ಒಡೆಯನು ಕಾರ್ಕಳದ ಬಂಡೆಗುಡ್ಡದ ಮೇಲೆ ಕಟ್ಟಿಸಿದ ಚತುರ್ಮುಖ ಬಸದಿಯು ಇಲ್ಲಿ ನೆನಪಿಗೆ ಬರುವುದು ಸಹಜ. ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿ ಊರಿನ ಮನೆಗಳಂತೆ ಇಳಿಜಾರು ಮಾಡುಗಳನ್ನು ಒಂದರ ಮೇಲೊಂದು ಹೊತ್ತಿದ್ದರೆ, ಇದು ಅಂಥದೇ ಮಳೆಯಲ್ಲಿ ಭಾರಿ ಕಲ್ಲುಹಾಸುಗಳ ಚಪ್ಪಟೆ ಮಾಡನ್ನು ಹೊದ್ದು ನಿಂತಿದೆ. ಗಣಿಯಲ್ಲಿರುವ ಕಲ್ಲು ನೆಲವನ್ನೇ ಒಡಲಾಗಿ ಉಳ್ಳ ಪೃಥ್ವೀಕಾಯವಾದರೂ ಕಡಿದು ಬೇರ್ಪಡಿಸಿದ ಮೇಲೆ ಅಚಿತ್ತ, ಅಂದರೆ ನಿರ್ಜೀವ. ಅಂತಹ ಕಲ್ಲನ್ನು ಒಮ್ಮೆ ಏರಿಸಿಟ್ಟರೆ ನಾಲ್ಕು ಶತಮಾನ ಕದಲಿಸಬೇಕಿಲ್ಲ. ಹಾಸುಗಳ ಸಂದು ಮಾತ್ರ ಯಾವಾಗಲೂ ದುರ್ಬಲ ಜಾಗ. ಇದಕ್ಕೆ ಹೋಲಿಸಿದರೆ ನಂದಿಕೂರಿಗೆ ಹತ್ತಿರದ ಪಲಿಮಾರಿನ ಹೆಸರು ಹೊತ್ತ ಮಠದ ಪರ್ಯಾಯದಲ್ಲಿ, ಅಂದರೆ ಕೃಷ್ಣಪೂಜೆಯ ಸರದಿಯಲ್ಲಿ, 2019ರಲ್ಲಿ, ಉಡುಪಿ ಕೃಷ್ಣನ ಗರ್ಭಗುಡಿಯ ಮಾಡಿಗೆ ಹೊದಿಸಿದ ಚಿನ್ನವು ಬೇರೊಂದು ತರ್ಕದ್ದು: ಅಲ್ಲಿ ಸಾಮಗ್ರಿಯ ಬೆಲೆ ಅರ್ಪಣೆಯಲ್ಲಿದೆ, ಇಲ್ಲಿ ಅದು ತಪ್ಪಿಸುವ ಹಾನಿಯಲ್ಲಿದೆ.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವುಂಟು. ಜೀವ ಹುಟ್ಟದಂತೆ ನೋಡಿಕೊಳ್ಳುವುದೇ ಅಹಿಂಸೆಯಾದರೆ ಹುಲ್ಲೂ ಬೆಳೆಯದ ಬರಡು ನೆಲವೇ ಪರಮ ಅಹಿಂಸೆಯ ತಾಣವಾಗಬೇಕಲ್ಲವೆ? ಜೀವಗಳ ಲೆಕ್ಕವಿಡುವವರಿಗೆ ಇದರಿಂದ ಪಾರಾಗುವುದು ಕಷ್ಟ. ಅಮೃತಚಂದ್ರರ ನೆಲೆಯಲ್ಲಿ ಮಾತ್ರ ಉತ್ತರ ಸಿಗುತ್ತದೆ, ಏಕೆಂದರೆ ಅವರು ಎಣಿಸುವುದು ಜೀವಗಳನ್ನಲ್ಲ, ಮಾಡುವವನ ಒಳಗಿನ ರಾಗದ್ವೇಷಗಳನ್ನು. ಅಂಗಳದ ಹುಲ್ಲಿಗೆ ಹಗೆಯಿಲ್ಲದವನು ತನ್ನ ಮಾಡಿನ ಮೇಲೆ ನೀರು ನಿಲ್ಲದಂತೆ ನೋಡಿಕೊಂಡರೆ ಬರಡುತನವನ್ನು ಬಯಸಿದಂತಾಗುವುದಿಲ್ಲ.

ಉಳಿಯುವುದು ಕಾಲದ ವಿಷಯ. ಮುನಿಗಳು ಚಾತುರ್ಮಾಸ್ಯದಲ್ಲಿ, ಮಳೆಯಿಂದ ನೆಲವೆಲ್ಲ ಜೀವಮಯವಾಗುವ ನಾಲ್ಕು ತಿಂಗಳು, ಒಂದೇ ಕಡೆ ನಿಲ್ಲುವುದು ತುಳಿತ ತಪ್ಪಿಸುವುದಕ್ಕೆ. ಅದೇ ನಿಯಮದ ನೆರಳಿನಲ್ಲಿ ಗೃಹಸ್ಥನು ಹಸಿ ಹಾವಸೆಗೆ ಕೈಹಾಕದೆ ಅದು ತಾನಾಗಿ ಒಣಗಿ ಕರಿಯ ಹೊಪ್ಪಳೆಯಾಗುವ ಮಾರ್ಚ್, ಏಪ್ರಿಲಿನವರೆಗೆ ಕಾಯಬಹುದು. ಆದರೆ ಒಣಗಿದ ಪಾಚಿಯಲ್ಲಿ ಕೆಲವು ಬಗೆ ಮೊದಲ ಮಳೆಗೆ ಮತ್ತೆ ಹಸುರಾಗುತ್ತವೆ; ಒಣ ಬೀಜವನ್ನೂ ಜೀವ ಬಂದು ಸೇರಬಲ್ಲ ಯೋನಿಯೆಂದು ಎಚ್ಚರದಿಂದ ಕಾಣುವ ಪರಂಪರೆಗೆ ಒಣ ಹಾವಸೆಯನ್ನು ಪೂರ್ತಿ ಅಚಿತ್ತವೆನ್ನುವುದು ಸುಲಭವಲ್ಲ. ತಾರಸಿಯ ಮೇಲೆ ಕಂಬ ನೆಟ್ಟು ತಗಡಿನ ಶೀಟು ಹೊದಿಸುವ ಈಚಿನ ವಾಡಿಕೆ ಈ ಗೊಂದಲವನ್ನೇ ಇಲ್ಲದಂತೆ ಮಾಡುತ್ತದೆ. ಚಪ್ಪಟೆ ಮಾಡಿನ ಹಂಬಲವನ್ನು ಉಳಿಸಿಕೊಂಡವರು ಮಾತ್ರ ಸ್ಲ್ಯಾಬು ಎರಕಗೊಳ್ಳುವ ದಿನವೇ, ಕಾಂಕ್ರೀಟು ಇನ್ನೂ ಹಸಿಯಾಗಿರುವಾಗ, ಮಟ್ಟಗೋಲು ಹಿಡಿದು ಎದುರು ನಿಲ್ಲಬೇಕಾಗುತ್ತದೆ.