ಕ್ಷಮೆಯೂ ಮರೆವೂ ಒಂದೆಯೇ?

ಹಡಗಲಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಮುಂಡರಗಿಯ ಸೀಮೆ. ಅಲ್ಲಿಯ ಭೀಮರಾಯನು ಆಂಗ್ಲರ ವಿರುದ್ಧ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದುದು 1858ರ ಜೂನ್ ತಿಂಗಳಲ್ಲಿ. ನೂರು ವರ್ಷಗಳ ತರುವಾಯ, 1958ರ ಜೂನ್ 16ರಂದು, ದೂರದ ಹಂಗೆರಿಯಲ್ಲಿ ಪ್ರಧಾನಿಯಾಗಿದ್ದ ಇಮ್ರೆ ನಾಜ್ ಅವರನ್ನು ಕಮ್ಯುನಿಸ್ಟ್ ಸರಕಾರವು ಗಲ್ಲಿಗೇರಿಸಿತು. ದಂಗೆ ಸೋತ ಮೇಲೆ ಬದುಕುಳಿದವರ ಧರ್ಮವೇನು? ಕ್ಷಮೆಯನ್ನು ಉತ್ತಮ ಧರ್ಮವೆಂದು ನಂಬಿದ ಶ್ರಾವಕರು ವಿಚಾರಿಸತಕ್ಕ ಪ್ರಶ್ನೆಯಿದು.

ಮುಧೋಳ ಸಮೀಪದ ಹಲಗಲಿಯನ್ನು ನೋಡೋಣ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಂ ಬಂದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ಬೇಟೆಯ ವೃತ್ತಿಯನ್ನು ನಾವು ಮೆಚ್ಚಲಾರೆವು. ಆದರೆ ಬಲಾತ್ಕಾರದಿಂದ ಆಯುಧ ಕಸಿದ ಮಾತ್ರಕ್ಕೆ ಅಹಿಂಸೆ ನೆಲೆಗೊಂಡಿತೇ? ನವೆಂಬರ್ ಕೊನೆಯಲ್ಲಿ ದಂಡು ಊರನ್ನು ಸುಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿ, ಒಟ್ಟು 19 ಮಂದಿಗೆ ಗಲ್ಲಾಯಿತು. ಇದನ್ನು ಹಾಡಿದ ಲಾವಣಿಯು ವೀರರನ್ನು ಹೊಗಳಿ ಸುಮ್ಮನಾಗುವುದಿಲ್ಲ. ಕೊಡಲಿ, ಕುಡಗೋಲು, ಉಪ್ಪು, ಎಣ್ಣೆ, ಬೀಸುವ ಕಲ್ಲು ಎಂದು ಲೂಟಿಯಾದುದನ್ನೆಲ್ಲ ಎಣಿಸುತ್ತದೆ. ಕೊಟ್ಟೂರು, ಹರಪನಹಳ್ಳಿಗಳ ಪೇಟೆಯಲ್ಲಿ ಕುಳಿತವನಿಗೆ ಅದು ಕಿರ್ದಿ ಪುಸ್ತಕವನ್ನು ಓದಿದಂತೆ ಕೇಳಿಸೀತು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಎಂಬುದು ವಿಚಿತ್ರವಾದರೂ ಸತ್ಯ.

ಹಂಗೆರಿಯಲ್ಲಿ ಇಂಥ ಹಾಡಿಗೆ ಆಸ್ಪದವಿರಲಿಲ್ಲ. 1956ರ ಅಕ್ಟೋಬರ್ 23ರಂದು ಎದ್ದ ಜನರನ್ನು ನವೆಂಬರ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಅಡಗಿಸಿದವು. ಸತ್ತವರಿಗಾಗಿ ಬಹಿರಂಗವಾಗಿ ಅಳುವಂತಿರಲಿಲ್ಲ. ನಡೆದುದನ್ನು ‘ಪ್ರತಿಕ್ರಾಂತಿ’ ಎಂದೇ ಕರೆಯಬೇಕಿತ್ತು. 1963ರಲ್ಲಿ ಕಾದಾರ್ ಸರಕಾರವು ಬಹುಮಂದಿ ಕೈದಿಗಳಿಗೆ ಕ್ಷಮಾದಾನ ಕೊಟ್ಟಿತು. ಬರಬರುತ್ತ ಅನ್ನಬಟ್ಟೆಗೆ ಕೊರತೆ ಕಡಿಮೆಯಾಯಿತು. ಬೆಲೆಯಾಗಿ ತೆತ್ತದ್ದು ಮೌನವನ್ನು. ನಮ್ಮಲ್ಲಿಯೂ 1858ರ ನವೆಂಬರ್ 1ರ ರಾಣಿಯ ಘೋಷಣೆಯು ಆಂಗ್ಲ ಪ್ರಜೆಗಳ ಕೊಲೆಯಲ್ಲಿ ಪಾಲಿಲ್ಲದ ಬಂಡಾಯಗಾರರಿಗೆ ಕ್ಷಮೆಯನ್ನು ಸಾರಿತ್ತು. ಊರು ಸುಟ್ಟವರೇ ಸುಡಿಸಿಕೊಂಡವರನ್ನು ಕ್ಷಮಿಸಿದರು!

ಕ್ಷಮೆಯು ನೊಂದವನ ಸೊತ್ತು. ಬಡ ಗಿರಾಕಿಯ ಬಾಕಿಯನ್ನು ಬಿಟ್ಟುಕೊಡುವ ಸಾಹುಕಾರನು ‘ಬಿಟ್ಟುಕೊಟ್ಟಿದೆ’ ಎಂದು ಖಾತೆಯಲ್ಲಿ ಬರೆಯುತ್ತಾನೆಯೇ ಹೊರತು ಹಾಳೆಯನ್ನು ಹರಿಯುವುದಿಲ್ಲ. ಬಾಕಿಯೇ ಇರಲಿಲ್ಲವೆಂದು ಬಲವಂತದಿಂದ ಬರೆಯಿಸಿದರೆ ಅದು ಅಸತ್ಯ. ಹಂಗೆರಿಯವರಿಂದ 1989ರವರೆಗೆ ಬರೆಯಿಸಿದ್ದು ಅದನ್ನೇ. ಆ ವರ್ಷದ ಜೂನ್ 16ರಂದು ನಾಜ್ ಅವರಿಗೆ ಗೌರವದ ಮರುಸಂಸ್ಕಾರವಾಯಿತು.

ಲೆಕ್ಕವಿಟ್ಟರೆ ಕ್ರೋಧವೂ ಉಳಿಯುವುದಲ್ಲವೇ ಎಂಬ ಆಕ್ಷೇಪವುಂಟು. ಅದು ಹಗುರವಾದ ಮಾತಲ್ಲ. ಬಡ್ಡಿ ಬೆಳೆದಂತೆ ವೈರವೂ ತಲೆಮಾರಿನಿಂದ ತಲೆಮಾರಿಗೆ ಬೆಳೆಯುವುದುಂಟು. ಆದರೆ ಹಲಗಲಿಯ ಲಾವಣಿಯಲ್ಲಿ ಬೇಡರು ಪೆಟ್ಟು ತಿಂದುದಷ್ಟೇ ಅಲ್ಲ, ಪೆಟ್ಟು ಕೊಟ್ಟುದೂ ಇದೆ. ಒಂದೇ ಬದಿ ಬರೆದ ಖಾತೆಯನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ.